ರಥ ಹತ್ತಿಸಿದರೆ ಸಾಲದು

ಮಹಾಭಾರತದ ಕೊನೆಯಲ್ಲಿ ಇಂದ್ರ ರಥ ತಂದು ನಿಲ್ಲಿಸಿದಾಗ ಧರ್ಮರಾಯ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದ. ನಾಯಿ ಸಾಕಿದವರಿಗೆಲ್ಲ ಪ್ರಿಯವಾದ ಕತೆ ಇದು. ಆದರೆ ನಮ್ಮ ಕಾರುಗಳನ್ನು ನೋಡಿದರೆ, ನಾವು ಕಲಿತದ್ದು ಹತ್ತಿಸುವುದನ್ನಷ್ಟೇ, ಹತ್ತಿಸಿದ ಮೇಲಿನ ಹೊಣೆಯನ್ನಲ್ಲ ಅನ್ನಿಸುತ್ತದೆ.

ವಾರಾಂತ್ಯಕ್ಕೆ ಬೆಂಗಳೂರಿನಿಂದ ಸಕಲೇಶಪುರದ ಕಡೆ ಹೊರಟ ಕಾರುಗಳನ್ನು ಗಮನಿಸಿ. ಮುಂದಿನ ಸೀಟಿನಲ್ಲಿ ಯಾರದೋ ತೊಡೆಯ ಮೇಲೆ ನಾಯಿ, ಕಿಟಕಿಯಾಚೆ ಅದರ ತಲೆ. ಕೇಳಿದರೆ, ‘ಅದಕ್ಕೆ ಗಾಳಿ ಅಂದ್ರೆ ಇಷ್ಟ’ ಎನ್ನುತ್ತಾರೆ. ಮಕ್ಕಳಿಗೂ ಇಷ್ಟವೇ, ಅವರನ್ನು ಹಾಗೆ ಬಿಡುತ್ತೇವೆಯೇ? 60 ಕಿ.ಮೀ. ವೇಗದ ಕಾರು ಥಟ್ಟನೆ ನಿಂತರೆ ಒಳಗಿನ ನಾಯಿ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಮುಂದಿನ ಸೀಟಿನಲ್ಲಾದರೆ ಉಬ್ಬಿಬರುವ ಏರ್‌ಬ್ಯಾಗೇ ಅದಕ್ಕೆ ಹೊಡೆತ. ಅದರ ಜಾಗ ಹಿಂದಿನ ಸೀಟು. ಎದೆಗೆ ಹಾರ್ನೆಸ್ ತೊಡಿಸಿ ಸೀಟ್ ಬೆಲ್ಟಿಗೆ ಸಿಕ್ಕಿಸಬೇಕು. ಕೊರಳಪಟ್ಟಿಗೆ ಕಟ್ಟಿದರೆ ಕುತ್ತಿಗೆಗೇ ಕುತ್ತು. ಘಾಟಿಯ ತಿರುವುಗಳಲ್ಲಿ ಅದು ಜೊಲ್ಲು ಸುರಿಸುವುದೂ ಖುಷಿಗಲ್ಲ, ಹೊಟ್ಟೆ ತೊಳಸುವುದಕ್ಕೆ.

ಇದಕ್ಕಿಂತ ದೊಡ್ಡ ಅಪರಾಧ ನಡೆಯುವುದು ಕಾರು ನಿಂತ ಮೇಲೆ. ‘ಐದೇ ನಿಮಿಷ, ಊಟ ಮುಗಿಸಿ ಬರ್ತೀವಿ’ ಎಂದು ಬಾಗಿಲು ಹಾಕುತ್ತೇವೆ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಗಾಜನ್ನು ಎರಡು ಬೆರಳು ಇಳಿಸಿದರೆ ಹೆಚ್ಚೇನೂ ಫರಕಾಗದು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ತಂಪಾಗಬೇಕು. ಕಾದ ಗಾಳಿಯನ್ನೇ ಉಸಿರಾಡಿ ತಂಪಾಗುವುದು ಹೇಗೆ? ಅದರ ಮೈಬಿಸಿ 41 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಚಪ್ಪಟೆ ಮೂಗಿನ ಪಗ್‌ಗಳ ಪಾಡು ಇನ್ನೂ ಕಷ್ಟ.

ಕಾನೂನು ಇಲ್ಲವೆಂದಲ್ಲ. ಪ್ರಾಣಿಯನ್ನು ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ! ಹೆದ್ದಾರಿ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೂ ಅದು ಸಾಲದು.

‘ಮನುಷ್ಯರಿಗೇ ಬಸ್ಸಿನಲ್ಲಿ ಸೀಟಿಲ್ಲ, ನಾಯಿಗೆ ಬೆಲ್ಟೇ?’ ಎಂದು ನಗುವವರಿದ್ದಾರೆ. ಬಸ್ಸಿಗಾಗಿ ಕಾಯುವವನ ಕಷ್ಟ ನಿಜ. ಆದರೆ ಕಾರಿನಲ್ಲಿ ನಾಯಿಗೆ ಬೆಲ್ಟ್ ಹಾಕಿದರೆ ಅವನ ಸೀಟೇನೂ ಕಡಿಮೆಯಾಗದು. ಪ್ರಯಾಣ ಅವನು ಆರಿಸಿಕೊಂಡದ್ದು. ನಾಯಿಯದು ನಾವು ಆರಿಸಿದ್ದು. ಬಾಗಿಲು ತೆರೆಯಲು ಅದಕ್ಕೆ ಕೈಯಿಲ್ಲ, ನಿಲ್ಲಿಸು ಎನ್ನಲು ಮಾತಿಲ್ಲ.

ಗಂಟೆ ಎರಡು ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ ನೀರು ಕುಡಿಸುವ ವ್ಯವಧಾನವಿಲ್ಲದಿದ್ದರೆ ಅದನ್ನು ನಂಬಿಕಸ್ಥರ ಮನೆಯಲ್ಲಿ ಬಿಟ್ಟುಹೋಗಿ. ಫೋಟೊ ಒಂದು ಕಡಿಮೆಯಾಗಬಹುದು. ನಾಯಿಗೆ ಅದರಿಂದ ನಷ್ಟವಿಲ್ಲ.