ಈ ದಾವೆಗೆ ನೀವು ಏನಾಗಬೇಕು?

ಕಿತ್ತೂರಿನ ಕದನದ ಬೇರು ಒಂದು ಕಾಗದದಲ್ಲಿದೆ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕ ತೆಗೆದುಕೊಂಡಿರುವುದಾಗಿ ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಗೆ ಬಂತು. ಆತ ಪತ್ರದ ತಾರೀಖನ್ನು ಸಂಶಯಿಸಿದ, ಸಹಿಯನ್ನು ಸಂಶಯಿಸಿದ, ದತ್ತಕವನ್ನು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ. ಆಮೇಲಿನ ಕಥೆ ಲಾವಣಿಯಾಗಿ, ನಾಟಕವಾಗಿ, ಪಂತುಲು ಅವರ ಸಿನಿಮಾವಾಗಿ ಎಲ್ಲರಿಗೂ ಗೊತ್ತು.

ವಾರಸುದಾರರು ಯಾರು, ಸಹಿ ಯಾರದು, ತಾರೀಖು ನಿಜವೋ ಆಮೇಲೆ ಬರೆದದ್ದೋ? ಅಲ್ಲಿಂದೀಚೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯ ರೈತರು, ವಿಧವೆಯರು, ಬೇರೆಯಾದ ಅಣ್ಣತಮ್ಮಂದಿರು ಇವೇ ಪ್ರಶ್ನೆಗಳನ್ನು ಸಿವಿಲ್ ಕೋರ್ಟಿನ ಕಟ್ಟೆಗೆ ತಂದು ಕೇಳುತ್ತ ಬಂದಿದ್ದಾರೆ. ಅವರ ಹತ್ತಿರ ತೋಪು ಇರಲಿಲ್ಲ, ಸ್ಟ್ಯಾಂಪು ಕಾಗದ ಇತ್ತು. ರಾಣಿಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ಉತ್ಸವ ಮಾಡುವ ನಾವು ಈ ಜನರ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ರೆಕಾರ್ಡ್ ರೂಮಿಗೆ ಬೀಗ ಹಾಕಿ, ಓದಲು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡುತ್ತೇವೆ. ಇದು ಸರಿಯಲ್ಲ.

ನಮ್ಮ ಕಡೆಯ ಒಂದು ಕಚೇರಿಯಲ್ಲಿ ನನಗಾದ ವಿಚಾರಣೆ ಹೀಗಿತ್ತು. ನನಗೆ ಬೇಕಿದ್ದದ್ದು 1950ರ ದಶಕದ ಒಂದು ವಾಟ್ನಿ ದಾವೆ, ವಿಧವೆಯೊಬ್ಬಳು ಮೈದುನನ ಮೇಲೆ ಹೂಡಿದ್ದು.

"ನೀವು ವಾದಿ ಪೈಕಿ ಏನ್ರಿ, ಪ್ರತಿವಾದಿ ಪೈಕಿ?"

"ಎರಡೂ ಅಲ್ರಿ."

"ಮತ್ತ ಯಾಕ ಬೇಕ್ರಿ?"

"ಬರಿಯಾಕ್ರಿ."

"ಬರಿಯಾಕ? ಕೋರ್ಟಿನ ಕಾಗದಾ ಏನ್ ಕಾದಂಬರಿ ಏನ್ರಿ ಸರ? ವಕೀಲರ ಕಡಿಂದ ಅರ್ಜಿ ಹಾಕಸ್ರಿ, ಕಾರಣ ಬರೀರಿ, ನೋಡೂಣು."

ಆ ಗುಮಾಸ್ತರು ಕೆಟ್ಟವರಲ್ಲ. ಚಹಾ ತರಿಸಿಕೊಟ್ಟರು. ಆ ಪ್ರಶ್ನೆಯನ್ನು ಅವರ ಬಾಯಿಗೆ ಹಾಕಿದ್ದು ನಿಯಮ, ನನ್ನ ಜಗಳ ನಿಯಮದ ಜೊತೆ. ದಾವೆಯ ಪಕ್ಷಕಾರ ನಕಲು ಕೇಳಿದರೆ ಕೊಡಬೇಕು. ಹೊರಗಿನವನು ಕೇಳಿದರೆ ಅವನು ಕಾರಣ ಹೇಳಬೇಕು, ಕಾರಣ ಸಾಕೋ ಸಾಲದೋ ಎಂದು ಕೋರ್ಟು ತೂಗಬೇಕು. ಮಾಹಿತಿ ಹಕ್ಕಿನಡಿ ಕೇಳೋಣವೆಂದರೆ ಆ ಬಾಗಿಲೂ 2020ರ ಮಾರ್ಚಿನಲ್ಲಿ ಮುಚ್ಚಿತು. ಗುಜರಾತ್ ಹೈಕೋರ್ಟಿನ ನಿಯಮದ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಾಲಯದ ಕಡತದ ನಕಲು ಬೇಕಾದವರು ಆಯಾ ಕೋರ್ಟಿನ ನಿಯಮದಂತೆಯೇ ಅರ್ಜಿ ಹಾಕಬೇಕು, ಮೂರನೆಯವರು ಕಾರಣ ತಿಳಿಸಿ ಪ್ರಮಾಣಪತ್ರ ಕೊಡಬೇಕು ಎಂದಿತು. ತೆರೆದ ಬಾಗಿಲಿನ ಕೋಣೆಯಲ್ಲಿ, ಯಾರು ಬೇಕಾದರೂ ಕೂತು ಕೇಳಬಹುದಾದ ಹಾಗೆ ನಡೆದ ವಿಚಾರಣೆ ಅದು. ಅಂದು ಹಿಂದಿನ ಬೆಂಚಿನ ಮೇಲೆ ಕೂತು ಕೇಳಿದವನನ್ನು ನೀನು ಯಾರು ಎಂದು ಯಾರೂ ಕೇಳಲಿಲ್ಲ. ಎಪ್ಪತ್ತು ವರ್ಷ ಕಳೆದು, ವಾದಿ ಪ್ರತಿವಾದಿ ಇಬ್ಬರೂ ಮಣ್ಣಾದ ಮೇಲೆ ಬಂದವನನ್ನು ಕೇಳುತ್ತಾರೆ.

ಕಾರಣ ಒಪ್ಪಿಗೆಯಾಯಿತು ಅನ್ನೋಣ. ಮುಂದಿನ ಕಷ್ಟ ಹುಡುಕುವುದು. ಅರ್ಜಿಯಲ್ಲಿ ಕೋರ್ಟಿನ ಹೆಸರು, ದಾವೆಯ ನಂಬರು, ವರ್ಷ, ಪಕ್ಷಕಾರರ ಹೆಸರು ಬರೆಯಬೇಕು. ಇದೆಲ್ಲ ಗೊತ್ತಿದ್ದವನಿಗೆ ಅರ್ಧ ಕಡತ ಸಿಕ್ಕ ಹಾಗೆಯೇ. ಗೊತ್ತಿಲ್ಲದವನು ಏನು ಮಾಡಬೇಕು? ಇಂದಿನ ಬೈಲಹೊಂಗಲ ತಾಲೂಕಿಗೆ ಹಿಂದೆ ಸಂಪಗಾಂವ ತಾಲೂಕು ಎಂಬ ಹೆಸರು, ಸವದತ್ತಿಯದು ಪರಸಗಡ. ಕಿತ್ತೂರು ಈಚೆಗೆ ಬೇರೆ ತಾಲೂಕಾಯಿತು, ಅದರ ಹಳ್ಳಿಗಳ ಹಳೆಯ ದಾವೆಗಳು ಬೈಲಹೊಂಗಲದ ಲೆಕ್ಕದಲ್ಲಿವೆ. ರಾಮದುರ್ಗ 1948ರ ಮಾರ್ಚಿನವರೆಗೆ ಭಾವೆ ಮನೆತನದ ಸಂಸ್ಥಾನ, ಅದರ ನ್ಯಾಯದ ಕಟ್ಟೆಯೇ ಬೇರೆ. ಕೋರ್ಟಿನ ಹೆಸರೂ ನಿಂತಲ್ಲಿ ನಿಂತಿಲ್ಲ. ಮುಂಬಯಿ ಕಾಲದ ಸಬ್‌ಆರ್ಡಿನೇಟ್ ಜಡ್ಜ್ ಮುಂದೆ ಮುನ್ಸೀಫರಾದರು, ಈಗ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರು. ಆಗಿನ 'ರೆಗ್ಯುಲರ್ ಸಿವಿಲ್ ಸೂಟ್' ಈಗಿನ 'ಓ.ಎಸ್.' 1956ಕ್ಕಿಂತ ಹಿಂದೆ ಮೇಲ್ಮನವಿ ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು, ಈಗ ಧಾರವಾಡ ಪೀಠಕ್ಕೆ. ಒಂದೇ ಹೊಲದ ಜಗಳ ಮೂರು ತಲೆಮಾರಿನಲ್ಲಿ ಮೂರು ಹೆಸರಿನ ಕೋರ್ಟು, ಎರಡು ಹೆಸರಿನ ತಾಲೂಕು ದಾಟಿರಬಹುದು. ಗೇಣಿ ಜಗಳವಾಗಿದ್ದರೆ ಇನ್ನೂ ಬೇರೆ ದಾರಿ. 1974ರ ತಿದ್ದುಪಡಿಯ ನಂತರ ಅವು ಭೂ ನ್ಯಾಯಮಂಡಳಿಯ ಪಾಲು, ಸಿವಿಲ್ ಕೋರ್ಟಿನಲ್ಲಿ ಹುಡುಕಿದರೆ ದಿನ ಹಾಳು.

ಈ ದಾರಿಯ ನಕ್ಷೆ ಯಾವ ಗೋಡೆಯ ಮೇಲೂ ಇಲ್ಲ. ಅದು ನಿವೃತ್ತಿಗೆ ಹತ್ತಿರವಾದ ಶಿರಸ್ತೇದಾರರ, ಹಳೆಯ ವಕೀಲರ ತಲೆಯಲ್ಲಿದೆ. ಅವರು ಹೋದ ದಿನ ನಕ್ಷೆಯೂ ಹೋಗುತ್ತದೆ.

"ಈಗ ಎಲ್ಲಾ ಆನ್‌ಲೈನ್ ಐತಲ್ರಿ" ಎನ್ನುವವರಿದ್ದಾರೆ. ಇ-ಕೋರ್ಟ್ಸ್ ತಾಣ ಒಳ್ಳೆಯದೇ, ನಡೆಯುತ್ತಿರುವ ದಾವೆಯ ಮುಂದಿನ ತಾರೀಖು ಮನೆಯಲ್ಲೇ ಗೊತ್ತಾಗುತ್ತದೆ. ಆದರೆ ಅದು ಕಂಪ್ಯೂಟರ್ ಬಂದ ಮೇಲಿನ ಲೋಕ. ಪಕ್ಷಕಾರರ ಹೆಸರಿನಿಂದ ಹುಡುಕುವುದಾದರೆ ಇಂಗ್ಲಿಷಿನ ಮೂರಾದರೂ ಅಕ್ಷರ ಸರಿಯಾಗಿ ಹಾಕಬೇಕು. ಬಸವ್ವನನ್ನು ಯಾವ ಟೈಪಿಸ್ಟ್ ಯಾವ ಕಾಗುಣಿತದಲ್ಲಿ ಕೂಡಿಸಿದ್ದಾರೋ ಶಿವನೇ ಬಲ್ಲ. 2023ರಲ್ಲಿ ಕೇಂದ್ರ ಸರಕಾರ ಇ-ಕೋರ್ಟ್ಸ್‌ನ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಹಳೆಯ ಕಡತಗಳ ಸ್ಕ್ಯಾನಿಂಗ್ ಕೂಡ ಅದರಲ್ಲಿ ಸೇರಿದೆ. ಸ್ಕ್ಯಾನ್ ಆದ ಹಾಳೆಯನ್ನು ಯಾರು ಓದಬಹುದು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ಬೀಗ ಹಾಕಿದ ಕೋಣೆಯ ಬದಲು ಬೀಗ ಹಾಕಿದ ಸರ್ವರ್.

ಸಾಹಿತ್ಯ ಓದುವವರಿಗೆ ಇದರಿಂದೇನು ಎಂದು ಕೇಳಬಹುದು. ಊರ ಜಗಳದಿಂದ ಹುಟ್ಟಿದ ರಾವಬಹಾದ್ದೂರರ 'ಗ್ರಾಮಾಯಣ'ವನ್ನು ಮೆಚ್ಚಿ ಓದಿದವರು ನಾವು. ಆ ಜಗಳಗಳ ಮೂಲ ಧ್ವನಿ ಎಲ್ಲಿದೆ? ಸಾಕ್ಷಿ ಹೇಳಿಕೆಗಳಲ್ಲಿದೆ. ಅಕ್ಷರ ಬಾರದ ಹೆಣ್ಣುಮಗಳು ತನ್ನ ಮದುವೆ, ತವರಿನವರು ಕೊಟ್ಟ ಆಕಳು, ಗಂಡ ಸತ್ತ ಸುಗ್ಗಿ, ಬಾವಿಯ ನೀರಿನ ಪಾಳಿ ಎಲ್ಲವನ್ನೂ ವಕೀಲರ ಪಾಟೀಸವಾಲಿಗೆ ಸಿಕ್ಕಿ ಬಿಚ್ಚಿಡುವುದು ಕಟಕಟೆಯಲ್ಲಿ ಮಾತ್ರ. ಅವಳ ಹೆಬ್ಬೆಟ್ಟು ಆ ಹಾಳೆಯ ಕೆಳಗಿರುತ್ತದೆ. ಬೇರೆಲ್ಲೂ ಅವಳು ಮಾತಾಡಿದ ದಾಖಲೆ ಇಲ್ಲ. ಇಂಥ ಹೇಳಿಕೆಗಳ ಕಾಲವೂ ಮುಗಿಯುತ್ತ ಬಂದಿದೆ. 2002ರ ಜುಲೈಯಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮುಖ್ಯ ವಿಚಾರಣೆಯನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕು. ಅಂದರೆ ವಕೀಲರ ಕಚೇರಿಯಲ್ಲಿ ಟೈಪಾದ, ಎಲ್ಲ ಸಾಕ್ಷಿಗಳೂ ಒಂದೇ ಬಾಯಲ್ಲಿ ಮಾತಾಡುವ ಹಾಳೆ. ಹಾಗಾಗಿ ಅದಕ್ಕಿಂತ ಹಿಂದಿನ ಕಡತಗಳ ಬೆಲೆ ಬೇರೆ.

ಢಾಕಾದಲ್ಲಿ 1930ರಲ್ಲಿ ಹೂಡಿದ ಭಾವಲ್ ಸನ್ಯಾಸಿಯ ದಾವೆ ನೆನಪಿಸಿಕೊಳ್ಳಿ. ಸತ್ತನೆಂದು ತಿಳಿದಿದ್ದ ಜಮೀನ್ದಾರ ತಾನೇ ಎಂದು ಬಂದ ಸನ್ಯಾಸಿಯ ಸಿವಿಲ್ ಕೇಸು 1946ರಲ್ಲಿ ಪ್ರಿವಿ ಕೌನ್ಸಿಲ್‌ನಲ್ಲಿ ಮುಗಿಯಿತು. ಅದರ ಕಡತ ಓದಿ ಪಾರ್ಥ ಚಟರ್ಜಿ ಒಂದು ಇಡೀ ಪುಸ್ತಕ ಬರೆದರು. ಅದು ರಾಜಮನೆತನದ ಕಥೆ, ಉಳಿಯಿತು. ಪರಸಗಡದ ಬಸವ್ವನ ಕಡತಕ್ಕೆ ಆ ಭಾಗ್ಯವಿಲ್ಲ.

ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹೊಲ ಮನೆಗಳು ನೀರಿನ ಪಾಲಾದವು. ಪರಿಹಾರ ಸಾಲದೆಂದವರು 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನಡಿ ಸಿವಿಲ್ ಕೋರ್ಟಿಗೆ ಹೋಗುವ ದಾರಿ ಇತ್ತು. ಅಂಥ ಕಡತವೆಂದರೆ ಎಷ್ಟು ಬೇವಿನ ಮರ, ಎಷ್ಟು ಮಾವು, ಬಾವಿ ಎಷ್ಟು ಆಳ, ಮನೆಗೆ ಎಷ್ಟು ಅಂಕಣ, ದನದ ಕೊಟ್ಟಿಗೆ ಯಾವ ದಿಕ್ಕಿಗೆ ಎಂಬ ಲೆಕ್ಕ. ನೀರಿನಡಿಯ ಊರನ್ನು ಮತ್ತೆ ಕಟ್ಟಿ ನೋಡಬೇಕೆನ್ನುವ ಕಥೆಗಾರನಿಗೆ ಇದಕ್ಕಿಂತ ದೊಡ್ಡ ನಿಧಿ ಯಾವುದು?

ಈ ನಿಧಿಗೆ ಆಯುಷ್ಯವೂ ಗೊತ್ತುಮಾಡಿದ್ದಾಗಿದೆ. 1917ರ ದಾಖಲೆ ನಾಶ ಕಾಯ್ದೆ ಕೋರ್ಟಿನ ಹಳೆಯ ಕಾಗದಗಳನ್ನು ವಿಲೇವಾರಿ ಮಾಡಲು ನಿಯಮ ರಚಿಸುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿತು. ಒಂದು ಕಡತದ ಎಲ್ಲ ಹಾಳೆಗಳೂ ಒಂದೇ ಕಾಲ ಬದುಕುವುದಿಲ್ಲ. ಯಾವುದು ಎಷ್ಟು ವರ್ಷ ಎಂಬುದನ್ನು ನಿಯಮ ಹೇಳುತ್ತದೆ, ಮುಗಿದದ್ದು ಹೋಗುತ್ತದೆ. ಪಕ್ಷಕಾರರು ಹಾಜರುಪಡಿಸಿದ ಮೂಲ ಪತ್ರಗಳನ್ನು ಅವರೇ ಹಿಂದಕ್ಕೆ ಪಡೆಯಬಹುದು. ಹೋಲಿಕೆಗೆ ನೋಡಿ: ಕೇಂದ್ರ ಸರಕಾರದ ಕಚೇರಿಗಳಿಗೆ ಅನ್ವಯಿಸುವ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ, 1892ಕ್ಕಿಂತ ಹಿಂದಿನ ದಾಖಲೆಯನ್ನು ತೀರ ಹಾಳಾಗಿದ್ದರೆ ಹೊರತು ನಾಶಮಾಡಬಾರದು ಎನ್ನುತ್ತದೆ. ದಿಲ್ಲಿಯ ಗುಮಾಸ್ತನ ಟಿಪ್ಪಣಿಗೆ ಇರುವ ಆ ಮರ್ಯಾದೆ ರಾಮದುರ್ಗದ ರೈತನ ಹೇಳಿಕೆಗೂ ಸಿಗಬೇಕು.

ಎರಡು ಆಕ್ಷೇಪಗಳು ಬರುತ್ತವೆ. ಒಂದು ಖಾಸಗಿತನ. ಮನೆತನದ ದಾವೆಯಲ್ಲಿ ಯಾರ ಹುಟ್ಟು ಎಂಥದು, ಯಾರು ಯಾರನ್ನು ಇಟ್ಟುಕೊಂಡಿದ್ದರು ಎಂಬುದೆಲ್ಲ ಬರುತ್ತದೆ. ಇದು ಹಗುರ ಮಾತಲ್ಲ, ಬದುಕಿರುವವರ ಕಡತಕ್ಕೆ ಕಾವಲು ಇರಲಿ. ಮುಕ್ತಾಯವಾಗಿ ಅರವತ್ತು ವರ್ಷ ದಾಟಿದ ದಾವೆಗೆ ಆ ಕಾವಲು ಯಾರ ಸಲುವಾಗಿ? ಇನ್ನೊಂದು, ಹಳೆಯ ಕಾಗದ ಸಿಕ್ಕರೆ ಹೊಲದ ದಲಾಲರು ಹೊಸ ತಂಟೆ ಹುಟ್ಟಿಸುತ್ತಾರೆ ಎಂಬುದು. ನಗು ಬರುತ್ತದೆ. ದಲಾಲನಿಗೆ ಪರಿಚಯವಿದೆ, ಅವನಿಗೆ ಬೇಕಾದ ನಕಲು ಈಗಲೂ ಸಿಗುತ್ತದೆ. ಈ ನಿಯಮಕ್ಕೆ ಹೆದರಿ ಬಾಗಿಲಿಂದಲೇ ತಿರುಗುವವರು ಪಿಎಚ್.ಡಿ. ವಿದ್ಯಾರ್ಥಿನಿ, ಮತ್ತು 2005ರ ತಿದ್ದುಪಡಿಯ ಮೇಲೆ ತವರಿನ ಹಿಸ್ಸಾ ಕೇಳಲು ಅಜ್ಜನ ಕಾಲದ ಡಿಕ್ರಿ ಹುಡುಕುತ್ತಿರುವ ಮಗಳು. ಆಕೆಗೆ ದಾವೆಯ ನಂಬರು ಗೊತ್ತಿರುವುದಿಲ್ಲ. ಅದು ಅಣ್ಣನ ಟ್ರಂಕಿನಲ್ಲಿರುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಪ್ರತಿ ಕೋರ್ಟೂ ದಾವೆಗಳ ರಜಿಸ್ಟರ್ ಇಡಲೇಬೇಕು. ನಂಬರು, ಹೆಸರು, ಊರು, ಏನಾಯಿತು, ಎಲ್ಲ ಅದರಲ್ಲಿದೆ. ಕಡತಗಳ ಬೆಟ್ಟವನ್ನು ಮುಟ್ಟುವ ಮೊದಲು ಈ ನಾಲ್ಕು ಕಡೆಯ 1956ರ ಹಿಂದಿನ ರಜಿಸ್ಟರುಗಳನ್ನಾದರೂ ಸ್ಕ್ಯಾನ್ ಮಾಡಿ ತೆರೆದಿಡಲಿ. ನಾಶದ ಪಟ್ಟಿ ತಯಾರಾದಾಗ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಇತಿಹಾಸ, ಕನ್ನಡ ವಿಭಾಗಗಳಿಗೆ ತೋರಿಸಲಿ. ಅರವತ್ತು ವರ್ಷ ದಾಟಿದ ಕಡತಕ್ಕೆ 'ಸಂಶೋಧನೆ' ಎಂಬ ಒಂದು ಪದ ಸಾಕಾದ ಕಾರಣವೆಂದು ಹೈಕೋರ್ಟು ನಿಯಮದಲ್ಲೇ ಬರೆಯಲಿ.

ಅಲ್ಲಿಯವರೆಗೆ, ಈ ಕಡೆ ಬರುವ ವಿದ್ಯಾರ್ಥಿಗಳೇ, ಹೊಲದ ಸರ್ವೆ ನಂಬರು ಹಿಡಿದು ಮೊದಲು ತಹಶೀಲ್ದಾರ ಕಚೇರಿಗೆ ಹೋಗಿ ಹಳೆಯ ಕೈಬರಹದ ಉತಾರ, ಮ್ಯುಟೇಶನ್ ನೋಡಿ. ಕೋರ್ಟಿನ ಡಿಕ್ರಿಯಿಂದ ಹಕ್ಕು ಬದಲಾಗಿದ್ದರೆ ಅಲ್ಲಿ ಅದರ ಗುರುತು ಇರಬಹುದು, ದಾವೆಯ ನಂಬರಿನ ಎಳೆ ಸಿಗುವುದು ಹಾಗೆ. ಅರ್ಜಿಯಲ್ಲಿ ಸಂಪಗಾಂವ, ಪರಸಗಡ ಎಂಬ ಹಳೆಯ ಹೆಸರುಗಳನ್ನೂ ಬರೆಯಿರಿ. ಮೋಡಿ ಲಿಪಿ ಓದಬಲ್ಲ ಹಿರಿಯರೊಬ್ಬರ ಪರಿಚಯ ಮಾಡಿಕೊಳ್ಳಿ. ಕೊಡುವುದಿಲ್ಲ ಎಂದರೆ ಜಗಳಾಡಬೇಡಿ, ಅದನ್ನು ಅರ್ಜಿಯ ಮೇಲೆಯೇ ಬರೆದು ಸಹಿ ಮಾಡಿ ಕೊಡಿರೆಂದು ಕೇಳಿ, ಆ ಕಾಗದವನ್ನು ಜೋಪಾನವಾಗಿಡಿ.