ಠಾಣೆಯ ದಫ್ತರದಲ್ಲಿ ಇಲ್ಲದ ಪುಟಗಳು



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದು ಊರುಗಳ ಯಾವುದಾದರೂ ಚಹಾ ಅಂಗಡಿಯಲ್ಲಿ ಕೂತು ಕೇಳಿ. ಒಂದು ಬೈಕು ಕಳುವಾದರೆ, ಒಂದು ಜಗಳದಲ್ಲಿ ಚಾಕು ಹೊರಬಂದರೆ, ಮೊದಲು ಬರುವ ಮಾತು ಒಂದೇ: “ಆ ಕೇರಿ ಹುಡುಗರೇ ಇರಬೇಕು. ಆ ತಾಂಡಾದೋರೇ ಹಂಗ.” ಸಾಕ್ಷಿ ಬೇಕಿಲ್ಲ, ಪಂಚನಾಮೆ ಬೇಕಿಲ್ಲ. ಜಾತಿಯೇ ಸಾಕ್ಷಿ, ಓಣಿಯೇ ಪಂಚನಾಮೆ. ಆಮೇಲೆ ಊರಿನ ದೊಡ್ಡವರು ಮನವಿಪತ್ರ ಬರೆಯುತ್ತಾರೆ: ಇನ್ನಷ್ಟು ಪೊಲೀಸರು ಬೇಕು, ಕ್ಯಾಮೆರಾ ಬೇಕು, ಗಸ್ತು ಬೇಕು.

ಬರಲಿ. ಪೊಲೀಸರು ಬ್ಯಾಡ ಅಂತ ನಾವೆಲ್ಲಿ ಅಂದೀವಿ? ಹೊಡೆತ ತಿನ್ನುವವರು ನಾವು, ರಕ್ಷಣೆ ಬೇಕಾದದ್ದೂ ನಮಗೇ. ಆದರೆ ಒಂದು ಪ್ರಶ್ನೆ ಇದೆ. ಕಳವು ಮಾಡಿದ ಕೈಯನ್ನು ಕ್ಯಾಮೆರಾ ತೋರಿಸುತ್ತದೆ. ಆ ಕೈಯಿಂದ ಅದಕ್ಕೂ ಮೊದಲು ಏನೇನು ಕಳುವಾಗಿತ್ತು ಅನ್ನೋದನ್ನ ತೋರಿಸೋರು ಯಾರು?

ಠಾಣೆಯ ದಫ್ತರ ಕಥೆಯನ್ನು ನಡುವಿನಿಂದ ಶುರು ಮಾಡುತ್ತದೆ. ಮೊದಲ ಪುಟಗಳು ಅದರಲ್ಲಿ ಇರುವುದಿಲ್ಲ. ಓದು ಕಲಿತ ನಾವು ಆ ಪುಟಗಳನ್ನು ಬರೆಯದಿದ್ದರೆ ಇನ್ನಾರು ಬರೆಯಬೇಕು?

ಮೊದಲ ಪುಟ, ಹುಟ್ಟಿನಿಂದಲೇ ಕಳ್ಳ ಎಂಬ ಹಣೆಪಟ್ಟಿ. 1871ರಲ್ಲಿ ಬ್ರಿಟಿಷ್ ಸರಕಾರ ಕೆಲವು ಅಲೆಮಾರಿ ಜಾತಿಗಳನ್ನೇ ಇಡಿಯಾಗಿ ‘ಅಪರಾಧಿ ಬುಡಕಟ್ಟು’ ಎಂದು ಸಾರುವ ಕಾನೂನು ತಂದಿತು. ತೊಟ್ಟಿಲ ಕೂಸೂ ಕಳ್ಳ. ಸ್ವಾತಂತ್ರ್ಯ ಬಂದು 5 ವರ್ಷಕ್ಕೆ, 1952ರಲ್ಲಿ, ಅದು ರದ್ದಾಯಿತು. ಆದರೆ ‘ರೂಢಿಗತ ಅಪರಾಧಿ’ ಎಂಬ ಹೊಸ ಹೆಸರಿನ ಕಾನೂನುಗಳು ರಾಜ್ಯ ರಾಜ್ಯದಲ್ಲಿ ಎದ್ದು ಕೂತವು. ಜೈಲಿನೊಳಗೆ ಜಾತಿ ನೋಡಿ ಕಸಬರಿಗೆ ಕೊಡುವುದು ಸಂವಿಧಾನಕ್ಕೆ ವಿರುದ್ಧ, ಜೈಲಿನ ದಫ್ತರದಿಂದ ಜಾತಿಯ ಕಾಲಂ ತೆಗೆಯಿರಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾದರೆ 2024ರ ಅಕ್ಟೋಬರ್ ಬರಬೇಕಾಯಿತು! ಊರಾಗೂ ನಾವೇ ಗುಡಿಸಬೇಕು, ಜೈಲಿನಾಗೂ ನಾವೇ ಗುಡಿಸಬೇಕು.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5 ಲಕ್ಷ 73 ಸಾವಿರ ಜನರಿದ್ದರು. ಅವರಲ್ಲಿ 4 ಲಕ್ಷ 34 ಸಾವಿರ ಜನ ವಿಚಾರಣಾ ಕೈದಿಗಳು. ಎಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತೇ ಆಗಿರಲಿಲ್ಲ. ಜಾಮೀನಿಗೆ ಪಹಣಿ ಬೇಕು, ಪಹಣಿಗೆ ಹೊಲ ಬೇಕು. ಹೊಲವೇ ಇಲ್ಲದವನಿಗೆ ಜಾಮೀನು ನಿಲ್ಲುವವರು ಯಾರು? ಬಡವನಿಗೆ ವಿಚಾರಣೆಗೂ ಮೊದಲೇ ಶಿಕ್ಷೆ.

ಎರಡನೆಯ ಪುಟ, ಕಲ್ಲಿನದು. ಈ ನೆಲದ ಹೊಟ್ಟೆಯಲ್ಲಿ ಸುಣ್ಣದ ಕಲ್ಲಿದೆ. ಶಹಾಬಾದಿನ ಫರ್ಸಿ ನಾಡಿನ ಎಷ್ಟು ಮನೆಗಳ ಅಂಗಳದಲ್ಲಿಲ್ಲ! ನಿಜಾಮನ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1968ರಲ್ಲಿ ವಾಡಿಯಲ್ಲಿ ಎಸಿಸಿ ಶುರುವಾಯಿತು. 80ರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ. ಆಮೇಲೆ ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲೂ ಚಿಮಣಿ ಎದ್ದವು. ನೃಪತುಂಗನ ರಾಜಧಾನಿಯ ಮಗ್ಗುಲಲ್ಲೇ ಈಗ ಸಿಮೆಂಟಿನ ಧೂಳು.

ಇಷ್ಟೆಲ್ಲ ಚಿಮಣಿ ಎದ್ದು ನಿಂತ ಮೇಲೂ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ‘ಅತ್ಯಂತ ಹಿಂದುಳಿದ’ ತಾಲೂಕುಗಳ ಪಟ್ಟಿಯಲ್ಲಿಟ್ಟಿತು. ಆಗ ವಾಡಿ, ಶಹಾಬಾದ್ ಎರಡೂ ಚಿತ್ತಾಪುರ ತಾಲೂಕಿನೊಳಗೇ ಇದ್ದವು. ಹಂಗಾದರ ಕಲ್ಲಿನ ರೊಕ್ಕ ಎಲ್ಲಿ ಹೋಯಿತು? ನೆಲ ನಮ್ಮದು, ಧೂಳು ನಮ್ಮದು, ಹಿಂದುಳಿದವರು ಅನ್ನೋ ಹೆಸರೂ ನಮ್ಮದೇ. ಲಾಭ ಮಾತ್ರ ರೈಲು ಹತ್ತಿ ಹೋಯಿತು. ವಾಡಿ ಜಂಕ್ಷನ್ನಿಗೆ ಸಿಕಂದರಾಬಾದಿನ ಹಳಿ 1874ರಲ್ಲೇ ಬಂದಿತ್ತಲ್ಲ, ಹೋಗಲಿಕ್ಕೆ ದಾರಿ ತಯಾರಿತ್ತು.

ಹೊಲ ಮಾರಿದ ರೊಕ್ಕ ಒಂದು ಮದುವೆಗೆ, ಒಂದು ಆಸ್ಪತ್ರೆಗೆ, ಒಂದು ಹಳೇ ಸಾಲಕ್ಕೆ ಮುಗಿಯುತ್ತದೆ. ಆಮೇಲೆ ಅದೇ ಹೊಲದ ಮೇಲೆ ನಿಂತ ಗೇಟಿನ ಹೊರಗೆ ಮಗ ದಿನಗೂಲಿಗೆ ಕಾಯುತ್ತಾನೆ. 2013ರಲ್ಲಿ ಜಾರಿಗೆ ಬಂದ 371(ಜೆ) ಸರಕಾರಿ ನೌಕರಿಗೆ, ಕಾಲೇಜಿನ ಸೀಟಿಗೆ ಅನ್ವಯಿಸುತ್ತದೆ. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಅದು ನಡೆಯುವುದಿಲ್ಲ. ಶಹಾಬಾದಿನ ಹಳೇ ಸಿಮೆಂಟ್ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದಾಗ ಯಂತ್ರ ಗುಜರಿಗೆ ಹೋಗುತ್ತದೆ, ಮನುಷ್ಯ ಎಲ್ಲಿಗೆ ಹೋಗಬೇಕು? ಗಣಿ ಗುತ್ತಿಗೆದಾರನಿಗೆ, ರಾತ್ರಿ ಕಾಗಿಣಾ ನದಿಯ ಉಸುಕು ಹೇರುವವನಿಗೆ, ಚುನಾವಣೆಯ ಲೀಡರಿಗೆ ಇಂಥ ಖಾಲಿ ಕೈಗಳೇ ಬೇಕು. ಊಟ ಹಾಕುತ್ತಾನೆ, ಬಾಟಲಿ ಕೊಡುತ್ತಾನೆ, ಬಡಿಗೆ ಕೈಗೆ ಕೊಡುತ್ತಾನೆ. ಕೇಸು ಬಿದ್ದಾಗ ಗುತ್ತಿಗೆದಾರನ ಹೆಸರು ಎಫ್‌ಐಆರಿನಲ್ಲಿ ಇರುವುದಿಲ್ಲ. ಹುಡುಗನ ಹೆಸರು ಇರುತ್ತದೆ, ಅಪ್ಪನ ಹೆಸರು, ಜಾತಿ, ಓಣಿ ಸಮೇತ.

ಮೂರನೆಯ ಪುಟ, ಗುಳೆಯದು. ತೊಗರಿ ರಾಶಿ ಮುಗಿದ ಮೇಲೆ ಚಿಂಚೋಳಿಯ ತಾಂಡಾಗಳಿಗೆ, ಸೇಡಂ ಸೀಮೆಯ ಕೇರಿಗಳಿಗೆ ಹೋಗಿ ನೋಡಿ. ಬೀಗ ಹಾಕಿದ ಬಾಗಿಲು, ಕಟ್ಟೆಯ ಮೇಲೆ ಮುದುಕರು, ಅವರ ಜೊತೆ ಬಿಟ್ಟುಹೋದ ಮಕ್ಕಳು. ಉಳಿದವರು ಬಾಂಬೆ, ಪುಣೆ, ಹೈದರಾಬಾದ್, ಬೆಂಗಳೂರು. 2020ರ ಲಾಕ್‌ಡೌನಿನಲ್ಲಿ ಇವರೇ ಗಂಟು ಹೊತ್ತು ಊರಿನ ದಾರಿ ಹಿಡಿದರು. ಬಂದವರನ್ನು ರೋಗ ತಂದವರೆಂದು ನೋಡಿದ ಕಣ್ಣುಗಳು ಎಷ್ಟಿದ್ದವು! ಅವ್ವ ಅಪ್ಪ ಊರಲ್ಲಿಲ್ಲದ ಹುಡುಗಿಗೆ ಯಾವ ಭದ್ರತೆ ಇದೆ? ಬೇಗ ಮದುವೆ ಮಾಡಿ ಮುಗಿಸೋದೇ ಭದ್ರತೆ ಅಂತ ಮುದುಕರು ತಿಳಿದಿದ್ದಾರೆ. ಶಾಲೆ ಬಿಟ್ಟ ಹುಡುಗನಿಗೆ ಯಾವ ಅಂಕುಶ ಇದೆ? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ಇದ್ದಾಗ ಈ ಜಿಲ್ಲೆಯದು 65ರ ಒಳಗಿತ್ತು. ಮನಿಯಾಗ ಯಾರೂ ಇಲ್ಲದ ಹುಡುಗನನ್ನ ಬೀದಿ ಬೆಳೆಸಿದರೆ ಬೀದಿಯ ಮೇಲೆ ಯಾಕೆ ಸಿಟ್ಟು?

ನಾಲ್ಕನೆಯ ಪುಟ, ಸಿಗದ ನ್ಯಾಯದ್ದು. 1948ರಲ್ಲಿ ಈ ಸೀಮೆ ಮೊದಲು ರಜಾಕಾರರ ಕೈಯಲ್ಲಿ ನರಳಿತು, ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಕೊಲೆಗಳಾದವು. ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದದ್ದೆಂದು ಹೇಳಿದ 4 ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು. ಆ ವರದಿ ಜನರ ಕಣ್ಣಿಗೆ ಬಿದ್ದದ್ದು 2013ರಲ್ಲಿ. 65 ವರ್ಷ ಕಪಾಟಿನಲ್ಲಿ ಮುಚ್ಚಿಟ್ಟ ಗಾಯ ಕೀವಾಗದೆ ಇರುತ್ತದೆಯೆ?

ನಮ್ಮ ಗಾಯಗಳ ಲೆಕ್ಕವೂ ಹಾಗೇ ಇದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಹಾಗಾದರೆ ಆ 7 ಜನ ತಾವೇ ಸುಟ್ಟುಕೊಂಡರೇ? ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ಬೆಂಕಿ ಬಿತ್ತು. 98 ಜನರಿಗೆ ಜೀವಾವಧಿ ಶಿಕ್ಷೆ ಎಂದು ಜಿಲ್ಲಾ ನ್ಯಾಯಾಲಯ ಹೇಳಿದ್ದು 2024ರ ಅಕ್ಟೋಬರಿನಲ್ಲಿ. 10 ವರ್ಷ! ಅಷ್ಟು ದಿನ ಸಾಕ್ಷಿ ಹೇಳುವ ಕೂಲಿಯವನು ಅದೇ ಊರಿನಲ್ಲಿ ಬದುಕಬೇಕು, ಅದೇ ಬಾವಿಯ ನೀರು ಕುಡಿಯಬೇಕು. ಇತ್ತ ನಾವು ದೂರು ಕೊಟ್ಟ ಸಂಜೆಗೇ ಆ ಕಡೆಯಿಂದ ಪ್ರತಿದೂರು ಬರುತ್ತದೆ: ಹೊಡೆದರು, ಸರ ಕಿತ್ತುಕೊಂಡರು. ಕಡೆಗೆ “ರಾಜಿ ಆಗ್ರೋ ತಮ್ಮಾ” ಎಂಬ ಉಪದೇಶ. ರಾಜಿಯಾಗದವನ ಹೆಸರಿಗೆ ಕೇಸು ಉಳಿಯುತ್ತದೆ. ನಾಳೆ ನೌಕರಿ ಬಂದಾಗ ಪೊಲೀಸ್ ವರದಿಯಲ್ಲಿ ಅದೇ ಕೇಸು ಅಡ್ಡ ಬರುತ್ತದೆ. ನಿಮ್ಮ ಪದವಿಯನ್ನು ಕಸಿಯಲು ಇಷ್ಟು ಸಾಕು.

ಈಗ ನಮ್ಮೊಳಗಿನ ಮಾತು. ಇದನ್ನು ಮುಚ್ಚಿಟ್ಟರೆ ನಾವೂ ಹರಿದ ದಫ್ತರವೇ ಆಗುತ್ತೇವೆ. ಬಡತನ ಕಾರಣ ನಿಜ, ಆದರೆ ಹೆಂಡತಿಯ ಮೈಮೇಲೆ ಬೀಳುವ ಹೊಡೆತಕ್ಕೆ ಅದು ಮಾಫಿ ಪತ್ರವಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ನಮ್ಮ ಅವ್ವಂದಿರಿಗೆ ಊರಿನ ದಣಿಯ ಭಯ ಒಂದಾದರೆ, ಕತ್ತಲಾದ ಮೇಲೆ ತೂರಾಡುತ್ತ ಬರುವ ಗಂಡನ ಭಯ ಇನ್ನೊಂದು. ಎಡಗೈ ಬಲಗೈ ಎಂದು ನಾವೇ ಕಚ್ಚಾಡಿದರೆ ನಗುವವರು ಯಾರು? ಬಾಬಾಸಾಹೇಬರ ಫೋಟೋ ಗಾಡಿಗೆ ಅಂಟಿಸಿಕೊಂಡು ಉಸುಕಿನ ಕಳ್ಳನಿಗೆ ಕಾವಲು ಹೋಗುವ ಗೆಳೆಯನೇ, ಆತ ನಿನ್ನ ಕೈಗೆ ಕೊಟ್ಟದ್ದು ಪುಸ್ತಕ, ಬಡಿಗೆ ಅಲ್ಲ.

ಹಾಸ್ಟೆಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಅಳುವುದು ಸಾಕು. ಕೆಲಸಗಳಿವೆ.

ಎಫ್‌ಐಆರ್ ಬರೆಸುವುದನ್ನು ಕಲಿಯಿರಿ. ಅದರ ಪ್ರತಿ ಪುಕ್ಕಟೆ ಸಿಗಬೇಕು. ಯಾವ ಠಾಣೆಯ ಹದ್ದಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಲೇಬೇಕೆಂದು 2024ರ ಜುಲೈನಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೂರಿಗೆ ಮೊದಲು ‘ವಿಚಾರಿಸಿ ನೋಡೋಣ’ ಎನ್ನುವಂತಿಲ್ಲ. ತನಿಖೆ ಡಿವೈಎಸ್ಪಿ ದರ್ಜೆಯವರೇ ಮಾಡಬೇಕು. 60 ದಿನದಲ್ಲಿ ದೋಷಾರೋಪ ಪಟ್ಟಿ ಹೋಗಬೇಕು. ಕರ್ತವ್ಯ ಬಿಟ್ಟ ಅಧಿಕಾರಿಗೆ 4ನೇ ಕಲಮಿನಲ್ಲಿ ಶಿಕ್ಷೆಯಿದೆ. ಜಿಲ್ಲಾಧಿಕಾರಿಯ ಜಾಗೃತಿ ಸಮಿತಿ 3 ತಿಂಗಳಿಗೊಮ್ಮೆ ಕೂಡಲೇಬೇಕು. ಕೂಡಿತೇ, ಏನು ಬರೆದುಕೊಂಡಿತು? ಮಾಹಿತಿ ಹಕ್ಕಿನಲ್ಲಿ ಕೇಳಿ.

ಸರಕಾರ ಮಂಜೂರು ಮಾಡಿದ ನಮ್ಮ ಜಮೀನು ಪರರ ಪಾಲಾಗಿದ್ದರೆ 1978ರ ಕಾಯ್ದೆ ಇದೆ, ತಡವಾಯಿತೆಂಬ ನೆಪವನ್ನು 2023ರ ತಿದ್ದುಪಡಿ ತೆಗೆದುಹಾಕಿದೆ. ಗಣಿಯಿಂದ ನೊಂದ ಊರುಗಳಿಗೆಂದೇ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಅದು ನಿಮ್ಮ ಕೇರಿಯ ಶಾಲೆಗೆ, ದವಾಖಾನೆಗೆ, ನೀರಿಗೆ ಎಷ್ಟು ಬಂತು? ಲೆಕ್ಕ ಕೇಳಿ.

ಪ್ರತಿ ಹಾಸ್ಟೆಲಿನಲ್ಲಿ ಒಂದು ದಪ್ಪ ವಹಿ ಇಡಿ. ರಜೆಗೆ ಊರಿಗೆ ಹೋದಾಗ ಬರೆದು ತನ್ನಿ: ಯಾರ ಹೊಲ ಹೋಯಿತು, ಯಾರ ಮನೆ ಗುಳೆ ಹೋಯಿತು, ಯಾವ ದೂರು ಠಾಣೆಯಲ್ಲಿ ಕೊಳೆಯುತ್ತಿದೆ, ಯಾವ ಹುಡುಗ ಯಾರ ಬಡಿಗೆ ಹಿಡಿದಿದ್ದಾನೆ. ನಾಳೆ ಯಾರಾದರೂ “ಆ ಕೇರಿಯೋರೇ ಹಂಗ” ಅಂದರೆ ಬಾಯಿ ಮಾಡಬ್ಯಾಡ್ರಿ. ಆ ವಹಿ ತೆಗೆದು ಮುಂದಿಡಿ. ಓದ್ರಿ ಸಾಹೇಬ್ರ, ಮೊದಲನೇ ಪುಟದಿಂದ ಓದ್ರಿ ಅನ್ನಿ.

ಜೈ ಭೀಮ್.