‘ಹಂಪಿ ಹತ್ರ’ ಅನ್ನೋ ಊರುಗಳಲ್ಲಿ ಮೂರು ದಿನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕೂತವರು ಬೇಕಾದಷ್ಟು ಜನ ಇದ್ದೀವಿ. ಆದರೆ ಕ್ಯಾಂಟೀನಿನಲ್ಲಿ ಯಾರಾದರೂ ‘ನಿಮ್ದು ಯಾವೂರು?’ ಅಂತ ಕೇಳಿದ್ರೆ ಬಹುತೇಕರ ಉತ್ತರ ಒಂದೇ: ‘ಹಂಪಿ ಹತ್ರ’. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸುಲಭ. ಐದು ತಾಲ್ಲೂಕುಗಳು ಮಾತ್ರ ಆ ‘ಹತ್ರ’ ಅನ್ನೋ ಒಂದು ಪದದೊಳಗೆ ಕಳೆದುಹೋಗ್ತವೆ.

ಮೊನ್ನೆ ನಮ್ಮ ಟೀಮಿನ ಗೆಳೆಯನೊಬ್ಬ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಹೋಗಿ ಬಂದ. ‘ಗೇಮ್ ಆಫ್ ಥ್ರೋನ್ಸ್’ ನೋಡಿದವರಿಗೆ ಆ ಕೋಟೆ ಊರು ಗೊತ್ತಿರುತ್ತೆ. ಬೆಳಿಗ್ಗೆ ಹತ್ತಿರತ್ತಿರ ಎರಡು ಕಿಲೋಮೀಟರ್ ಉದ್ದದ ಕೋಟೆ ಗೋಡೆ ಮೇಲೆ ನಡಿಗೆ, ಮಧ್ಯಾಹ್ನ ಹಳೇ ಚರ್ಚು, ಸಂಜೆ ದೋಣಿ, ರಾತ್ರಿ ಮೀನೂಟ. ಫೋಟೋಗಳು ಚೆನ್ನಾಗಿದ್ದವು. ಆದರೆ ಅವನ ದೂರು ಒಂದೇ, ಜನ ಜನ ಜನ. ಆ ಊರಿನವರೂ ಸಾಕಾಗಿ, 2019ರಿಂದ ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಕ್ರೂಸ್ ಹಡಗು ಬರದ ಹಾಗೆ ಮಿತಿ ಹಾಕಿಕೊಂಡಿದ್ದಾರೆ.

ಮೆಡಿಟರೇನಿಯನ್ ಕಡೆಯ ಹಳೇ ಊರುಗಳ ಫಾರ್ಮುಲಾ ಇಷ್ಟೇ ನೋಡ್ರಿ: ಒಂದು ಕೋಟೆ, ಒಂದಿಷ್ಟು ಹಳೇ ಕಲ್ಲು, ಪಕ್ಕದಲ್ಲಿ ನೀರು, ಆಮೇಲೆ ಬಾಯಿಗೆ ರುಚಿ. ಈ ನಾಲ್ಕೂ ನಮ್ಮ ಕಡೆ ಇವೆ. ‘ಕಡಲೊಂದಿಲ್ಲ, ಅಷ್ಟೇ’ ಅಂದ್ರೆ ಮಾತ್ರ ಸುಳ್ಳಾಗುತ್ತೆ. ಒಳ್ಳೆ ಶೌಚಾಲಯ ಇಲ್ಲ, ಸರಿಯಾದ ಬೋರ್ಡ್ ಇಲ್ಲ, ಹಳ್ಳಿಗಳ ನಡುವೆ ಬೇಕಾದಾಗ ಬಸ್ಸಿಲ್ಲ. ಇವನ್ನೆಲ್ಲ ಗೊತ್ತಿಟ್ಟುಕೊಂಡೇ ಹೊರಡೋರಿಗೆ ಈ ವಾರದ ಅಂಕಣ. ಮೂರು ದಿನದ ಲಾಂಗ್ ವೀಕೆಂಡ್, ಒಂದು ಕಾರು, ನಾಲ್ಕು ಜನ ಸಾಕು. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆ ಕಾಲ.

ಮೊದಲ ದಿನ: ಬಂಡೆ, ಕರಡಿ, ಎಣ್ಣೆ

ಬೆಂಗಳೂರಿನಿಂದ ಚಿತ್ರದುರ್ಗ, ಅಲ್ಲಿಂದ ಹೊಸಪೇಟೆ ಕಡೆಯ ರಾಷ್ಟ್ರೀಯ ಹೆದ್ದಾರಿ 50. ಬೆಳಗಿನ ಜಾವ ಬಿಟ್ರೆ ಸುಮಾರು ಐದು ಗಂಟೆಯಲ್ಲಿ ಕೂಡ್ಲಿಗಿ ಸೀಮೆ. ಅಲ್ಲಿಂದ ಗುಡೇಕೋಟೆಗೆ ತಿರುಗಿ. ಮನೆಯಷ್ಟು ದೊಡ್ಡ ಬಂಡೆಗಳನ್ನು ಯಾರೋ ಆಟಕ್ಕೆ ಪೇರಿಸಿಟ್ಟ ಹಾಗಿರೋ ಗುಡ್ಡ, ಅದರ ಮೇಲೆ ಪಾಳೆಯಗಾರರ ಕೋಟೆ. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಅಂತ ಇಲ್ಲಿಯವರು ಅಭಿಮಾನದಿಂದ ಹೇಳ್ತಾರೆ. ಮೇಲೆ ಹತ್ತಿ ನಿಂತರೆ ಕುರುಚಲು ಕಾಡು, ಹೊಲ, ಬಂಡೆ, ಮತ್ತೆ ಕುರುಚಲು ಕಾಡು.

ಆ ಕುರುಚಲು ಕಾಡೇ ಗುಡೇಕೋಟೆ ಕರಡಿಧಾಮ. ಬಂಡೆ ಸಂದಿಯ ಗವಿಗಳಲ್ಲಿ ಹಗಲು ಮಲಗಿ, ಸಂಜೆ ಗೆದ್ದಲು, ಜೇನು, ಹಣ್ಣು ಹುಡುಕಿಕೊಂಡು ಹೊರಡೋದು ಕರಡಿಯ ದಿನಚರಿ. ನಮ್ಮ ದಿನಚರಿ ಅದಕ್ಕೆ ಅಡ್ಡ ಬರಬಾರದು. ನಾಲ್ಕು ಗಂಟೆಯೊಳಗೆ ಕೋಟೆ ಇಳಿದುಬಿಡಿ. ಈ ಸೀಮೆಯಲ್ಲಿ ಬೆಳಗ್ಗೆ ಹೊಲಕ್ಕೆ ಹೋದವರ ಮೇಲೆ ಕರಡಿ ಬಿದ್ದ ಸುದ್ದಿ ಹೊಸದಲ್ಲ. ಕರಡಿ ಇಲ್ಲಿಯ ಜನಕ್ಕೆ ಪಕ್ಕದ ಮನೆಯ ಸಿಟ್ಟಿನ ಮನುಷ್ಯ ಇದ್ದ ಹಾಗೆ, ದೂರ ಇಟ್ಟುಕೊಂಡೇ ಬದುಕಬೇಕು. ಕಾಡೊಳಗೆ ಹೋಗೋ ಆಸೆ ಇದ್ರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ, ಸ್ವಂತ ಸಾಹಸ ಬೇಡ.

ಮಧ್ಯಾಹ್ನದ ಮೇಲೆ ಕೊಟ್ಟೂರು ತಾಲ್ಲೂಕಿನ ಉಜ್ಜಿನಿ. ನಮ್ಮ ಕಡೆ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಮರುಳಸಿದ್ಧೇಶ್ವರ ಗುಡಿಯ ಒಳಗೆ ಹೋಗಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳೋ ತನಕ ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ ತಲೆ ಎತ್ತಿ ನೋಡಿ. ಕಂಬ, ಚಾವಣಿ ತುಂಬ ಕೆತ್ತನೆ. ಮಾತು ಯಾಕೆ ಹುಟ್ಟಿತು ಅಂತ ತಿಳಿಯುತ್ತೆ.

ಬೇಸಿಗೆಯ ಜಾತ್ರೆಯಲ್ಲಿ ಇಲ್ಲಿ ಶಿಖರ ತೈಲಾಭಿಷೇಕ ನಡೆಯುತ್ತೆ. ಗುಡಿಯ ಶಿಖರಕ್ಕೇ ಕೊಡಗಟ್ಟಲೆ ಎಣ್ಣೆ ಎರೆಯೋದು. ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರೋ ಸಂಪ್ರದಾಯ ಇವತ್ತಿಗೂ ಇದೆ. ಪಾಳೆಯಗಾರಿಕೆ ಹೋಗಿ ಎಷ್ಟೋ ಕಾಲ ಆಯ್ತು, ಎಣ್ಣೆ ಬರೋದು ನಿಂತಿಲ್ಲ.

ರಾತ್ರಿ ಕೊಟ್ಟೂರಲ್ಲಿ ತಂಗಿ. ಗುರು ಕೊಟ್ಟೂರೇಶ್ವರನ ಊರು. ಫೆಬ್ರುವರಿ-ಮಾರ್ಚ್ ಹೊತ್ತಿಗೆ ಬರೋ ತೇರಿಗೆ ದಾವಣಗೆರೆ ಮತ್ತಿತರ ಕಡೆಯಿಂದ ಸಾವಿರಾರು ಜನ ರಾತ್ರಿಯೆಲ್ಲ ನಡೆದುಕೊಂಡೇ ಬರ್ತಾರೆ. ಆ ವಾರ ಬಿಟ್ಟು ಬೇರೆ ದಿನ ಹೋದ್ರೆ ಊರು ಆರಾಮಾಗಿರುತ್ತೆ. ಸಂಜೆ ಮಿರ್ಚಿ ಮಂಡಕ್ಕಿ ತಿನ್ನದೆ ಮಲಗಬೇಡಿ. ಡಯಟ್ ಆ್ಯಪ್‌ನಲ್ಲಿ ಅದನ್ನ ಎಂಟ್ರಿ ಮಾಡಲೂಬೇಡಿ.

ಎರಡನೇ ದಿನ: ಒಂದು ಕೆರೆ, ಮೂವತ್ತು ಸಾವಿರ ಹಕ್ಕಿ

ಸೂರ್ಯ ಹುಟ್ಟೋ ಮೊದಲೇ ಎದ್ದು ಹಗರಿಬೊಮ್ಮನಹಳ್ಳಿ ಪಕ್ಕದ ಅಂಕಸಮುದ್ರಕ್ಕೆ ಹೋಗಿ. ಮೂರು ದಿನದಲ್ಲಿ ಒಂದೇ ಜಾಗ ನೋಡೋಕಾಗೋದು ಅಂದ್ರೆ ನಾನು ಇದನ್ನೇ ಹೇಳ್ತೀನಿ.

ಹೆಸರಲ್ಲಿ ಸಮುದ್ರ, ಇರೋದು ಕೆರೆ. ಅದೂ ಸುಮಾರು 244 ಎಕರೆ, ಅಂದರೆ 98.76 ಹೆಕ್ಟೇರ್. ಶತಮಾನಗಳ ಹಿಂದೆ ಹೊಲಗದ್ದೆಗೆ ನೀರುಣಿಸೋಕೆ ಕಟ್ಟಿದ್ದು. ನೀರೊಳಗೇ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆಗಳ ಸಂಸಾರ. ಸರ್ಕಾರದ ದಾಖಲೆ ಪ್ರಕಾರ ಇಲ್ಲಿ 240 ಬಗೆಯ ಹಕ್ಕಿಗಳಿವೆ, ಗೂಡು ಕಟ್ಟಿ ತಂಗೋ ನೀರುಹಕ್ಕಿಗಳೇ 30,000ಕ್ಕೂ ಹೆಚ್ಚು. ಬೆಳಗಿನ ಆರೂವರೆಗೆ ಏರಿ ಮೇಲೆ ನಿಂತ್ರೆ ಮೊದಲು ಕಿವಿಗೆ ಬೀಳೋದು ಗದ್ದಲ. ಆಮೇಲೆ ಬೆಳಕು ಹರಿದ ಹಾಗೆ ಮರಗಳು ಬಿಳಿಯಾಗ್ತಾ ಹೋಗ್ತವೆ. ಬಿಳಿ ಅಂದ್ಕೊಂಡಿದ್ದೆಲ್ಲ ರೆಕ್ಕೆ ಬಿಚ್ಚುತ್ತೆ.

2024ರ ಜನವರಿ ಕೊನೆಯಲ್ಲಿ ಅಂಕಸಮುದ್ರಕ್ಕೆ ರಾಮ್ಸಾರ್ ತಾಣದ ಮಾನ್ಯತೆ ಬಂತು. ಜೊತೆಗೆ ರಾಜ್ಯದ ಇನ್ನೆರಡಕ್ಕೂ, ಗದಗದ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅದಕ್ಕೂ ಮೊದಲು ಕರ್ನಾಟಕದಲ್ಲಿ ಇದ್ದಿದ್ದು ರಂಗನತಿಟ್ಟು ಒಂದೇ. ರಾಮ್ಸಾರ್ ಅನ್ನೋದೂ ಒಂದು ಕಡಲತೀರದ ಊರೇ. ಇರಾನಿನ ಆ ಕ್ಯಾಸ್ಪಿಯನ್ ತೀರದ ಊರಲ್ಲಿ 1971ರಲ್ಲಿ ಜೌಗುಪ್ರದೇಶಗಳ ರಕ್ಷಣೆಯ ಒಪ್ಪಂದ ಆಯ್ತು.

ಈ ಮಾನ್ಯತೆ ಬಂದ ಮೇಲೆ ನೋಡೋಕೆ ಬರೋರೂ ಹೆಚ್ಚಾಗ್ತಾರೆ. ನನಗೆ ಹೆದರಿಕೆ ಇರೋದು ಇಲ್ಲೇ. ಇದು ಪಾರ್ಕ್ ಅಲ್ಲ, ಊರಿನವರ ಕೆರೆ. ಹಕ್ಕಿಗಳು ಇಷ್ಟು ದಿನ ಉಳಿದಿರೋದು ಊರಿನವರು ಅವುಗಳ ಪಾಡಿಗೆ ಬಿಟ್ಟಿದ್ದರಿಂದ. ಒಂದು ಸಲ ನಾವಿದ್ದಾಗ ಒಂದು ಗುಂಪು ಏರಿ ಮೇಲೆ ಬ್ಲೂಟೂತ್ ಸ್ಪೀಕರ್ ಹಚ್ಚಿತು. ಹತ್ತಿರದ ಮರಗಳ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ‘ಸೂಪರ್ ಶಾಟ್’ ಅಂತ ಅವರು ವಿಡಿಯೊ ಮಾಡಿಕೊಂಡರು. ಗೂಡು ಬಿಟ್ಟು ತಾಯಿ ಎದ್ದ ಅಷ್ಟೇ ಹೊತ್ತಿನಲ್ಲಿ ಕಾಗೆ, ಹದ್ದು ಮೊಟ್ಟೆ, ಮರಿ ಎತ್ತಿಕೊಂಡು ಹೋಗಬಹುದು. ಸ್ಪೀಕರ್, ಡ್ರೋನ್ ಎರಡನ್ನೂ ಮನೆಯಲ್ಲೇ ಬಿಡಿ. ಬೈನಾಕ್ಯುಲರ್ ತನ್ನಿ, ಏರಿ ಮೇಲಿಂದಲೇ ನೋಡಿ.

ವಾಪಸ್ ಬರುವಾಗ ತುಂಗಭದ್ರಾ ಹಿನ್ನೀರಿನ ದಂಡೆಗೆ ಹೋಗಬಹುದು. 1953ರಲ್ಲಿ ಅಣೆಕಟ್ಟಿಗೆ ನೀರು ನಿಂತ ಮೇಲೆ ಹುಟ್ಟಿದ ನಮ್ಮ ‘ಕಡಲು’ ಇದು. ಆಚೆ ದಡ ಕಾಣದಷ್ಟು ನೀರು ನೋಡುವಾಗ ಒಂದು ವಿಷಯ ನೆನಪಿರಲಿ, ಅದರ ಕೆಳಗೆ ಊರುಗಳಿದ್ದವು. ಮೀನುಗಾರರ ತೆಪ್ಪ ಹತ್ತಬೇಕು ಅನ್ನಿಸುತ್ತೆ. ಲೈಫ್ ಜಾಕೆಟ್ ಇಲ್ಲದಿದ್ರೆ ಹತ್ತಬೇಡಿ, ಅಷ್ಟೇ.

ಹಡಗಿನ ಹೆಸರಿನ ಊರು

ಮಧ್ಯಾಹ್ನ ಹೂವಿನಹಡಗಲಿ. ಇಲ್ಲಿಂದ ವಿಜಯನಗರಕ್ಕೆ ತುಂಗಭದ್ರೆಯಲ್ಲಿ ಹಡಗುಗಳ ಮೇಲೆ ಹೂವು ಹೋಗ್ತಿತ್ತು, ಅದಕ್ಕೇ ಈ ಹೆಸರು ಅನ್ನೋದು ಜನರ ನಂಬಿಕೆ. ಹಡಗು ಇಲ್ಲದಿದ್ರೂ ಹೂವು ಇದೆ. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಮಾರು ಲೆಕ್ಕದಲ್ಲಿ ಕೊಂಡು ಕಾರಿನಲ್ಲಿಟ್ಟುಕೊಳ್ಳಿ, ಏರ್ ಫ್ರೆಶ್ನರ್ ಬಿಸಾಕಿ.

ಅಲ್ಲಿಂದ ಹೊಳೆ ದಂಡೆಯ ಕುರುವತ್ತಿ. ಮಲ್ಲಿಕಾರ್ಜುನ ಗುಡಿ ಹನ್ನೊಂದನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಬಾಗಿಲ ಕಂಬಗಳ ಮೇಲೆ ಬಾಗಿ ನಿಂತ ಮದನಿಕೆಯರನ್ನು ನೋಡಿ. ಮದನಿಕೆ ಅಂದ್ರೆ ನಮಗೆಲ್ಲ ಬೇಲೂರು ನೆನಪಾಗುತ್ತೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಆಗಿದ್ದು 1117ರಲ್ಲಿ, ಕುರುವತ್ತಿಯವರು ಅದಕ್ಕಿಂತ ಹಿರಿಯರು. ಅವರನ್ನು ನೋಡೋಕೆ ಅಲ್ಲಿ ಕ್ಯೂ ಇಲ್ಲ, ಬೇಕಾದಷ್ಟು ಹೊತ್ತು ನಿಲ್ಲಬಹುದು.

ಹತ್ತಿರದಲ್ಲೇ ಮೈಲಾರ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂತಾನೆ. ಲಕ್ಷಾಂತರ ಜನ ಗಪ್ ಚುಪ್. ಒಂದೇ ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳ್ತಾನೆ. ಆ ಸಾಲಿನ ಮೇಲೆ ಮಳೆ, ಬೆಳೆ, ರಾಜಕೀಯದ ಚರ್ಚೆ ತಿಂಗಳುಗಟ್ಟಲೆ ನಡೆಯುತ್ತೆ. ಬಿಡುವಿದ್ದವರು ಆ ಹುಣ್ಣಿಮೆಗೇ ರಜೆ ಹಾಕಿ.

ಮೂರನೇ ದಿನ: ಬಾಗಳಿ, ಉಚ್ಚಂಗಿದುರ್ಗ

ಹರಪನಹಳ್ಳಿಯ ಕಥೆ ತಮಾಷೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯ್ತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಮೂರು ಸಲ ಬದಲಾಯ್ತು. ಹಳೇ ಬೋರ್ಡು ನೋಡಿ ಗಾಬರಿಯಾಗಬೇಡಿ.

ಊರಿಗೆ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಗೆ ಬೆಳಿಗ್ಗೆಯೇ ಹೋಗಿ. ದುಗ್ಗಿಮಯ್ಯ ಎಂಬುವನು 987ರಲ್ಲಿ, ಚಾಲುಕ್ಯ ಇಮ್ಮಡಿ ತೈಲಪನ ಕಾಲದಲ್ಲಿ ದೇವರ ಪ್ರತಿಷ್ಠೆ ಮಾಡಿಸಿದ ಅಂತ ಅಲ್ಲಿಯ ಹಳಗನ್ನಡ ಶಾಸನ ಹೇಳುತ್ತೆ. ತೆರೆದ ಮಂಟಪದಲ್ಲಿ ಐವತ್ತರಷ್ಟು ಕಂಬಗಳು. ಬೆಳಗಿನ ಓರೆ ಬಿಸಿಲು ಅವುಗಳ ನಡುವೆ ಬರೋ ಹೊತ್ತಿಗೆ ಅಲ್ಲಿದ್ದರೆ ನಿಮ್ಮ ಫೋನ್ ಕ್ಯಾಮೆರಾಗೂ ಸಾರ್ಥಕ. ನೀಲಗುಂದದ ಭೀಮೇಶ್ವರ ಗುಡಿಯನ್ನೂ ಇದರ ಜೊತೆಗೇ ಮುಗಿಸಬಹುದು.

ಕೊನೆಗೆ ಉಚ್ಚಂಗಿದುರ್ಗ ಹತ್ತಿ. ಉಚ್ಚಂಗಿಯ ಪಾಂಡ್ಯರ ರಾಜಧಾನಿ, ಹೊಯ್ಸಳ ಇಮ್ಮಡಿ ಬಲ್ಲಾಳ ಗೆದ್ದ ಗಿರಿದುರ್ಗ. ಮೆಟ್ಟಿಲು ಹತ್ತಿ ಉಚ್ಚಂಗೆಮ್ಮನ ಗುಡಿ ತಲುಪೋ ಹೊತ್ತಿಗೆ ಡೆಸ್ಕ್ ಜಾಬ್ ಮೊಣಕಾಲಿಗೆ ಏನು ಮಾಡಿದೆ ಅಂತ ಸ್ಪಷ್ಟವಾಗುತ್ತೆ. ಇಳಿದು ದಾವಣಗೆರೆ ಸೇರಿದರೆ ಬೆಂಗಳೂರಿಗೆ ಹೆದ್ದಾರಿ ಕೈಗೆ ಸಿಕ್ತು.

ಹೊರಡೋ ಮುನ್ನ

ಟ್ಯಾಂಕ್ ತುಂಬಿಸಿಕೊಳ್ಳಿ, ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಚಿಲ್ಲರೆ ಇಟ್ಟುಕೊಳ್ಳಿ. ಶೌಚಾಲಯದ ವ್ಯವಸ್ಥೆಯನ್ನು ತಾಲ್ಲೂಕು ಕೇಂದ್ರಗಳಲ್ಲೇ ಮುಗಿಸಿಕೊಳ್ಳಿ, ಹೆಣ್ಮಕ್ಕಳಿರೋ ಗುಂಪಿಗೆ ಇದು ಮುಖ್ಯ. ಗುಡಿ ಬಾಗಿಲು ಹಾಕಿದ್ರೆ ಪಕ್ಕದ ಮನೆಯಲ್ಲಿ ಕೇಳಿ, ಬೀಗದ ಕೈ ಇರೋರು ಯಾರು ಅಂತ ಹೇಳ್ತಾರೆ. ಬೆಂಗಳೂರಿಂದಲೇ ಚಿಪ್ಸ್, ನೀರು, ಊಟ ಎಲ್ಲ ಹೊತ್ತುಕೊಂಡು ಬಂದು, ಖಾಲಿ ಕವರ್ ಮಾತ್ರ ಇಲ್ಲಿ ಬಿಟ್ಟು ಹೋಗೋ ಪ್ರವಾಸ ಯಾರಿಗೂ ಬೇಡ. ರೊಟ್ಟಿ, ಶೇಂಗಾ ಚಟ್ನಿ ಇಲ್ಲೇ ತಿನ್ನಿ, ರಾತ್ರಿ ಇಲ್ಲಿಯ ಲಾಡ್ಜಲ್ಲೇ ಮಲಗಿ. ನಾಲ್ಕು ದುಡ್ಡು ಇಲ್ಲಿ ಉಳಿದರೆ ಕೆರೆ, ಗುಡಿ ಕಾಯೋದು ದಂಡ ಅಂತ ಇಲ್ಲಿಯ ಹುಡುಗರಿಗೆ ಅನ್ನಿಸೋದಿಲ್ಲ.

ನಮ್ಮ ಕಡೆಯವರಿಗೆ ಒಂದೇ ಕೋರಿಕೆ. ಮುಂದಿನ ಸಲ ಯಾರಾದರೂ ಊರು ಕೇಳಿದ್ರೆ ಅಂಕಸಮುದ್ರ ಅನ್ನಿ, ಕುರುವತ್ತಿ ಅನ್ನಿ, ಉಜ್ಜಿನಿ ಅನ್ನಿ. ‘ಅದೆಲ್ಲಿ?’ ಅಂತ ಕೇಳೇ ಕೇಳ್ತಾರೆ. ಆಗ ಈ ಅಂಕಣದ ಲಿಂಕ್ ಕಳಿಸಿ, ಅಥವಾ ಸೀದಾ ಕಾರು ಹತ್ತಿಸಿಕೊಂಡು ಬನ್ನಿ.